‘ಕನ್ನಡ ಭಾಷಿಕರು’ ಎಂದರೆ ಯಾರು? ಮನೋಭಾಷಾವೈಜ್ಞಾನಿಕ ಪ್ರಯೋಗಗಳಲ್ಲಿ ಮಾದರಿಯ ಆಯ್ಕೆ ಮತ್ತು ಬಾಹ್ಯ ಸಿಂಧುತ್ವ

ಮನೋಭಾಷಾವಿಜ್ಞಾನದ ಪ್ರಯೋಗ ವರದಿಗಳನ್ನು ಓದುವಾಗ ಕ್ರಿಯಾಪದಗಳ ಕಾಲವನ್ನು ಗಮನಿಸಬೇಕು. ವಿಧಾನ ಮತ್ತು ಫಲಿತಾಂಶಗಳನ್ನು ಹೇಳುವ ಭಾಗದಲ್ಲಿ ಎಲ್ಲವೂ ಭೂತಕಾಲದಲ್ಲಿರುತ್ತದೆ: ಪಾಲ್ಗೊಂಡವರು ವಾಕ್ಯಗಳನ್ನು ಓದಿದರು, ಗುಂಡಿ ಒತ್ತಿದರು, ಇಂಥ ಪದದ ಬಳಿ ಹೆಚ್ಚು ಹೊತ್ತು ನಿಂತರು. ಚರ್ಚೆಯ ಭಾಗಕ್ಕೆ ಬರುವಷ್ಟರಲ್ಲಿ ಅದೇ ಮೂವತ್ತು ನಲವತ್ತು ಜನ ‘ಕನ್ನಡ ಭಾಷಿಕರು’ ಆಗಿಬಿಟ್ಟಿರುತ್ತಾರೆ. ‘ಗುರುತಿಸಿದರು’ ಎಂಬುದು ‘ಗುರುತಿಸುತ್ತಾರೆ’ ಎಂದಾಗಿರುತ್ತದೆ. ಈ ಜಿಗಿತವನ್ನು ಸಮರ್ಥಿಸುವ ಒಂದು ವಾಕ್ಯವೂ ನಡುವೆ ಇರುವುದಿಲ್ಲ. ಇದು ಕನ್ನಡಕ್ಕಷ್ಟೇ ಸಂಬಂಧಿಸಿದ ಅಭ್ಯಾಸವಲ್ಲ. ಡಿಜೀಸಸ್ ಮತ್ತು ಸಹಲೇಖಕರು 2019ರಲ್ಲಿ 1,149 ಮನೋವಿಜ್ಞಾನ ಲೇಖನಗಳನ್ನು ಪರಿಶೀಲಿಸಿ, ಅವುಗಳಲ್ಲಿ ಶೇ. 89ರಷ್ಟು ತಮ್ಮ ಫಲಿತಾಂಶಗಳನ್ನು ಇಂಥ ಸಾರ್ವತ್ರಿಕ ವಾಕ್ಯಗಳಲ್ಲಿ ಹೇಳಿವೆ ಎಂದು ತೋರಿಸಿದರು. ಭಾಷಾವಿಜ್ಞಾನಿಗಳಾದ ನಮಗೆ ಈ ಸಂಗತಿ ಹೆಚ್ಚು ಮುಜುಗರ ತರಬೇಕು. ಸಾರ್ವತ್ರಿಕ ವಾಕ್ಯದ ಅರ್ಥವೇನು, ಅದು ಯಾವ ಸಮಷ್ಟಿಯನ್ನು ಕುರಿತು ಏನನ್ನು ಪ್ರತಿಪಾದಿಸುತ್ತದೆ ಎಂಬುದನ್ನು ತರಗತಿಯಲ್ಲಿ ಬೋಧಿಸುವವರು ನಾವೇ.

ಮಾದರಿಯ ಸಮಸ್ಯೆಯನ್ನು ಕುರಿತ ಆತಂಕ ಹಳೆಯದು. ಮನೋವಿಜ್ಞಾನವು ಬಹುಮಟ್ಟಿಗೆ ಕಾಲೇಜು ಎರಡನೆಯ ವರ್ಷದ ವಿದ್ಯಾರ್ಥಿಗಳ ವರ್ತನೆಯ ವಿಜ್ಞಾನವಾಗಿದೆ ಎಂದು ಮೆಕ್‌ನಿಮಾರ್ 1946ರಲ್ಲೇ ಆಕ್ಷೇಪಿಸಿದ್ದರು. ಪ್ರಯೋಗದೊಳಗಿನ ಕಾರ್ಯಕಾರಣ ನಿರ್ಣಯ ಸರಿಯೇ ಎಂಬ ಪ್ರಶ್ನೆಯನ್ನೂ, ಆ ನಿರ್ಣಯ ಬೇರೆ ಜನರಿಗೆ, ಬೇರೆ ಸನ್ನಿವೇಶಗಳಿಗೆ ಅನ್ವಯಿಸುತ್ತದೆಯೇ ಎಂಬ ಪ್ರಶ್ನೆಯನ್ನೂ ಬೇರ್ಪಡಿಸಿ, ಮೊದಲನೆಯದನ್ನು ಆಂತರಿಕ ಸಿಂಧುತ್ವವೆಂದೂ ಎರಡನೆಯದನ್ನು ಬಾಹ್ಯ ಸಿಂಧುತ್ವವೆಂದೂ ಕ್ಯಾಂಪ್‌ಬೆಲ್ 1957ರಲ್ಲಿ ಕರೆದರು. ಆರ್ನೆಟ್ 2008ರಲ್ಲಿ, ಹೆನ್ರಿಕ್, ಹೈನೆ ಮತ್ತು ನೊರೆಂಜಯಾನ್ 2010ರಲ್ಲಿ ಅದೇ ದೂರನ್ನು ಜಗತ್ತಿನ ಭೂಪಟದ ಮೇಲೆ ಹರಡಿದರು. ಪಾಶ್ಚಾತ್ಯ, ಶಿಕ್ಷಿತ, ಕೈಗಾರಿಕೀಕೃತ, ಶ್ರೀಮಂತ, ಪ್ರಜಾಸತ್ತಾತ್ಮಕ ಸಮಾಜಗಳ ಆದ್ಯಕ್ಷರಗಳನ್ನು ಇಂಗ್ಲಿಷಿನಲ್ಲಿ ಕೂಡಿಸಿದ ‘ವಿಯರ್ಡ್’ ಎಂಬ ಪದ ಅಲ್ಲಿಂದ ಮುಂದೆ ಎಲ್ಲ ಪೀಠಿಕೆಗಳಲ್ಲೂ ಕಾಣಿಸಿಕೊಳ್ಳತೊಡಗಿತು.

ಭಾಷೆಯ ಅಧ್ಯಯನದಲ್ಲಿ ಈ ದೂರು ‘ಭಾಷೆಗಳ ಮಾದರಿ’ಯ ದೂರಾಗಿ ರೂಪಾಂತರಗೊಂಡಿತು. ವಾಕ್ಯೋತ್ಪಾದನೆಯ ಪ್ರಯೋಗಗಳು ಜಗತ್ತಿನ ಸುಮಾರು ಮೂವತ್ತು ಭಾಷೆಗಳಿಗೆ ಸೀಮಿತವಾಗಿವೆ ಎಂದು ಜೇಗರ್ ಮತ್ತು ನಾರ್ಕ್ಲಿಫ್ 2009ರಲ್ಲಿ ಬರೆದರು. ಮಕ್ಕಳ ಭಾಷಾರ್ಜನೆಯ ನಾಲ್ಕು ಪ್ರಮುಖ ನಿಯತಕಾಲಿಕೆಗಳನ್ನು ಕಿಡ್ ಮತ್ತು ಗಾರ್ಸಿಯ 2022ರಲ್ಲಿ ಜಾಲಾಡಿದಾಗ ಸಿಕ್ಕಿದ್ದು 103 ಭಾಷೆಗಳು, ಅಂದರೆ ಜಗತ್ತಿನ ಭಾಷೆಗಳಲ್ಲಿ ಶೇ. 1.5ರಷ್ಟು. ಇದಕ್ಕೆ ಸೂಚಿತವಾದ ಪರಿಹಾರವು ಪಟ್ಟಿಗೆ ಇನ್ನಷ್ಟು ಭಾಷೆಗಳನ್ನು ಸೇರಿಸುವುದು. ಕನ್ನಡದ ಮೇಲೆ ಕೆಲಸ ಮಾಡುವ ನಮ್ಮಂಥವರಿಗೆ ಇದು ಅನುಕೂಲವಾಗಿಯೇ ಬಂದಿದೆ. ನಮ್ಮ ಲೇಖನಗಳ ಮೊದಲ ಪುಟದಲ್ಲಿ ‘ಕಡಿಮೆ ಅಧ್ಯಯನಗೊಂಡ ಭಾಷೆ’ ಎಂಬ ಪದಪುಂಜವೇ ಅರ್ಧ ಸಮರ್ಥನೆಯಾಗಿ ನಿಲ್ಲುತ್ತದೆ. ನನ್ನ ಆಕ್ಷೇಪ ಈ ಪರಿಹಾರದ ಬಗ್ಗೆ. ಭಾಷೆಯನ್ನೇ ಮಾದರಿಯ ಘಟಕವೆಂದು ಎಣಿಸಿದೊಡನೆ, ಆ ಭಾಷೆಯೊಳಗಿನ ಯಾರನ್ನು ತಂದರೂ ಆಯಿತು ಎಂಬ ಭಾವನೆ ನೆಲೆಯೂರುತ್ತದೆ. ಅಮೆರಿಕದ ಪದವಿ ವಿದ್ಯಾರ್ಥಿ ಮನುಷ್ಯಕುಲದ ಪ್ರತಿನಿಧಿಯಲ್ಲ ಎಂದು ವಾದಿಸಿ, ಆ ಜಾಗದಲ್ಲಿ ಬೆಂಗಳೂರಿನ ಪದವಿ ವಿದ್ಯಾರ್ಥಿಯನ್ನು ಕನ್ನಡದ ಪ್ರತಿನಿಧಿಯಾಗಿ ಕೂರಿಸಿದರೆ, ತಪ್ಪಿನ ವ್ಯಾಪ್ತಿ ಕುಗ್ಗೀತು. ತಪ್ಪು ಹಾಗೆಯೇ ಉಳಿದಿರುತ್ತದೆ.

ಒಂದು ಉದಾಹರಣೆಯನ್ನು ಹತ್ತಿರದಿಂದ ನೋಡುವುದು ಒಳ್ಳೆಯದು. ಕನ್ನಡವನ್ನು ಜಾಗತಿಕ ಚರ್ಚೆಯ ನಡುವೆ ತಂದ ಪ್ರಯೋಗಗಳಲ್ಲಿ ಲಿಡ್ಜ್, ಹೆನ್ರಿ ಗ್ಲೈಟ್‌ಮನ್ ಮತ್ತು ಲೀಲಾ ಗ್ಲೈಟ್‌ಮನ್ 2003ರಲ್ಲಿ ಪ್ರಕಟಿಸಿದ್ದು ಮುಖ್ಯವಾದದ್ದು. ಕ್ರಿಯಾಪದದ ಅರ್ಥವನ್ನು ಊಹಿಸಲು ಮಗು ಯಾವ ಸುಳಿವನ್ನು ಬಳಸುತ್ತದೆ ಎಂಬುದು ಅಲ್ಲಿನ ಪ್ರಶ್ನೆ. ವಾಕ್ಯದಲ್ಲಿ ಎಷ್ಟು ನಾಮಪದಗಳಿವೆ ಎಂಬುದು ಒಂದು ಸುಳಿವು. ಕನ್ನಡದಲ್ಲಿ ಇನ್ನೊಂದೂ ಇದೆ: ‘ಏರು’–‘ಏರಿಸು’, ‘ಕರಗು’–‘ಕರಗಿಸು’ ಎಂಬಲ್ಲಿನ ಪ್ರೇರಣಾರ್ಥಕ ಪ್ರತ್ಯಯ. ನಾಮಪದಗಳನ್ನು ಧಾರಾಳವಾಗಿ ಲೋಪಿಸುವ ಕನ್ನಡದಲ್ಲಿ ನಾಮಪದಗಳ ಸಂಖ್ಯೆಗಿಂತ ಈ ಪ್ರತ್ಯಯವೇ ಹೆಚ್ಚು ನೆಚ್ಚಬಹುದಾದ ಸುಳಿವೆಂಬುದು ಲೇಖಕರ ಆಧಾರವಾಕ್ಯ. ಕೇಳಿದ ವಾಕ್ಯವನ್ನು ಆಟಿಕೆಗಳಿಂದ ಅಭಿನಯಿಸಿ ತೋರಿಸುವಂತೆ ಮೂರು ವರ್ಷದ ಮಕ್ಕಳಿಗೆ ಹೇಳಿದಾಗ ಅವರು ನಾಮಪದಗಳ ಸಂಖ್ಯೆಯನ್ನೇ ಅನುಸರಿಸಿದರು. ‘-ಇಸು’ ಇದ್ದರೂ ಇಲ್ಲದಿದ್ದರೂ ಅವರ ಅಭಿನಯದಲ್ಲಿ ಹೆಚ್ಚಿನ ವ್ಯತ್ಯಾಸವಾಗಲಿಲ್ಲ. ತಮ್ಮ ಪರಿಸರದ ಭಾಷೆಯಲ್ಲಿ ಹೆಚ್ಚು ನಂಬಲರ್ಹವಾದ ಸುಳಿವನ್ನು ಬಿಟ್ಟು ಮಕ್ಕಳು ಇನ್ನೊಂದನ್ನು ಹಿಡಿದರೆಂದರೆ, ಆ ಒಲವು ಪರಿಸರದಿಂದ ಬಂದದ್ದಲ್ಲ ಎಂಬುದು ತೀರ್ಮಾನ.

ಈ ಪ್ರಯೋಗದ ಬಗ್ಗೆ ‘ಮಕ್ಕಳ ಸಂಖ್ಯೆ ಸಾಲದು, ಅವರು ಕನ್ನಡ ಮಕ್ಕಳೆಲ್ಲರ ಪ್ರತಿನಿಧಿಗಳಲ್ಲ’ ಎಂಬ ಮಾಮೂಲು ಆಕ್ಷೇಪ ಎತ್ತುವುದು ಸುಲಭ. ಆದರೆ ಅದು ಗುರಿ ತಪ್ಪಿದ ಆಕ್ಷೇಪ. ಮೂಕ್ 1983ರ ತಮ್ಮ ಪ್ರಸಿದ್ಧ ಲೇಖನದಲ್ಲಿ ಬಾಹ್ಯ ಸಿಂಧುತ್ವ ಇಲ್ಲದಿರುವುದನ್ನೇ ಸಮರ್ಥಿಸಿದ್ದರು. ಹಾರ್ಲೊ ಅವರ ಪ್ರಯೋಗಾಲಯದ ಕೋತಿಮರಿಗಳು ಹಾಲು ಕೊಡುವ ತಂತಿಯ ತಾಯಿಯನ್ನು ಬಿಟ್ಟು ಬಟ್ಟೆ ಹೊದಿಸಿದ ತಾಯಿಯನ್ನು ಅಪ್ಪಿಕೊಂಡವು. ಕಾಡಿನ ಕೋತಿಗಳಿಗೆ ಅವು ಪ್ರತಿನಿಧಿಗಳಲ್ಲ, ತಂತಿಯ ತಾಯಿ ಕಾಡಿನಲ್ಲಿಲ್ಲ. ಆದರೂ ಪ್ರೀತಿ ಹುಟ್ಟುವುದು ಹಸಿವು ನೀಗುವುದರಿಂದಲೇ ಎಂಬ ಸಿದ್ಧಾಂತವನ್ನು ಅಲುಗಿಸಲು ಆ ಮರಿಗಳು ಸಾಕಾದವು. ‘ಹೀಗೆ ಆಗಲು ಸಾಧ್ಯವೇ ಇಲ್ಲ’ ಎಂಬ ಸಿದ್ಧಾಂತದೆದುರು ‘ಇಗೋ, ಆಗಿದೆ’ ಎಂದು ತೋರಿಸುವುದಕ್ಕೆ ಪ್ರಾತಿನಿಧಿಕ ಮಾದರಿ ಬೇಡ. ಲಿಡ್ಜ್ ಮತ್ತು ಸಂಗಡಿಗರ ವಾದವೂ ಇದೇ ಜಾತಿಯದು. ನಂಬಲರ್ಹ ಸುಳಿವೇ ಸದಾ ಗೆಲ್ಲುತ್ತದೆ ಎಂಬ ಸಿದ್ಧಾಂತಕ್ಕೆ ಅದು ಗೆಲ್ಲದ ಒಂದು ಮಕ್ಕಳ ಗುಂಪನ್ನು ತೋರಿಸಿದರೂ ಧಕ್ಕೆಯೇ.

ಆದರೆ ಮೂಕ್ ಅವರ ಸಮರ್ಥನೆಯ ಆಶ್ರಯದಲ್ಲಿ ಇಲ್ಲಿಗೇ ನಿಲ್ಲುವಂತಿಲ್ಲ. ಮುಂಬಾಗಿಲಿನಲ್ಲಿ ತಡೆದ ಮಾದರಿಯ ಪ್ರಶ್ನೆ ಹಿತ್ತಲಿನಿಂದ ಒಳಬರುತ್ತದೆ. ಈ ವಾದ ನಿಲ್ಲಬೇಕಾದರೆ ‘-ಇಸು’ ನಂಬಲರ್ಹ ಸುಳಿವಾಗಿರಬೇಕು. ಎಲ್ಲಿ ಎಂದರೆ, ವ್ಯಾಕರಣ ಗ್ರಂಥದಲ್ಲಲ್ಲ, ಈ ಮಕ್ಕಳ ಕಿವಿಗೆ ಬಿದ್ದ ಕನ್ನಡದಲ್ಲಿ. ಅದು ಯಾವ ಕನ್ನಡ? ‘ಜನಿಸು’, ‘ವಾಸಿಸು’, ‘ಚಲಿಸು’, ‘ಪ್ರಯಾಣಿಸು’ ಮುಂತಾದವು ‘-ಇಸು’ ಹೊತ್ತ ಅಕರ್ಮಕಗಳು. ಇಲ್ಲಿ ಆ ಪ್ರತ್ಯಯ ಸಂಸ್ಕೃತ ಪದವನ್ನು ಕನ್ನಡ ಧಾತುವಾಗಿ ಮಾಡುತ್ತದೆಯೇ ಹೊರತು ಪ್ರೇರಣೆಯನ್ನು ಸೂಚಿಸುವುದಿಲ್ಲ. ಪತ್ರಿಕೆಯ ಕನ್ನಡವನ್ನು ಎಣಿಸಿದರೆ ಇವು ಹೇರಳ, ಹಾಗಾಗಿ ಸುಳಿವು ದುರ್ಬಲ. ಮನೆಯ ಕನ್ನಡದಲ್ಲಿ ಮಗು ಕೇಳುವುದು ‘ಹುಟ್ಟು’, ‘ಇರು’, ‘ಹೋಗು’; ಅಲ್ಲಿ ಉಳಿಯುವ ‘-ಇಸು’ ಬಹುಪಾಲು ‘ಕುಡಿಸು’, ‘ಉಣಿಸು’, ‘ಕೂರಿಸು’ಗಳದ್ದು. ಅಂದರೆ ಸುಳಿವು ಪ್ರಬಲ. ಇನ್ನು ‘ಒಡೆ’, ‘ಮುರಿ’, ‘ತುಂಬು’ಗಳನ್ನು ನೋಡಿ: ಗಾಜು ಒಡೆಯಿತು ಎಂದೂ ಹುಡುಗ ಗಾಜು ಒಡೆದ ಎಂದೂ ಹೇಳುತ್ತೇವೆ, ಪ್ರತ್ಯಯದ ಹಂಗಿಲ್ಲದೆ. ಮಕ್ಕಳಿರುವ ಮನೆಯಲ್ಲಿ ‘ಒಡೆ’, ‘ಮುರಿ’ಗಳು ಅಪರೂಪವೆಂದು ಯಾರೂ ಹೇಳಲಾರರು. ನಗರದ ದ್ವಿಭಾಷಿಕ ಮನೆಗಳಲ್ಲಿ ಮತ್ತೊಂದು ವ್ಯವಸ್ಥೆಯೇ ಬೆಳೆದಿದೆ: ‘ಸ್ಟಾರ್ಟ್ ಆಗು’–‘ಸ್ಟಾರ್ಟ್ ಮಾಡು’, ‘ಓಪನ್ ಆಗು’–‘ಓಪನ್ ಮಾಡು’. ಇಂಗ್ಲಿಷಿನಿಂದ ಬಂದ ಇಂಥ ಪದಗಳಲ್ಲಿ ಪ್ರೇರಣೆಯ ಭಾರವನ್ನು ಹೊರುವುದು ‘ಆಗು’–‘ಮಾಡು’ಗಳ ಭೇದ. ಇಂಥ ಮನೆಯ ಮಗುವಿಗೆ ‘-ಇಸು’ ಎಷ್ಟು ಸಲ ಕೇಳಿಸುತ್ತದೆ ಎಂಬುದನ್ನು ಎಣಿಸಿ ನೋಡಬೇಕೇ ಹೊರತು ಊಹಿಸುವಂತಿಲ್ಲ.

ಇದರಿಂದ 2003ರ ತೀರ್ಮಾನ ತಪ್ಪೆಂದಾಗುವುದಿಲ್ಲ. ‘-ಇಸು’ ಸಮೃದ್ಧವಾಗಿರುವ ಮನೆಗಳ ಮಕ್ಕಳೂ ಅದನ್ನು ಕಡೆಗಣಿಸಿದರೆ ಆ ತೀರ್ಮಾನ ಇನ್ನಷ್ಟು ಗಟ್ಟಿಯಾಗುತ್ತದೆ. ಅದು ವಿರಳವಾಗಿರುವ ಮನೆಗಳ ಮಕ್ಕಳು ಮಾತ್ರ ಕಡೆಗಣಿಸಿದರೆ ವಾದ ಸಡಿಲವಾಗುತ್ತದೆ. ಯಾವುದೆಂದು ತೀರ್ಮಾನಿಸಲು ಬೇಕಾದದ್ದು ಇನ್ನೂ ಇನ್ನೂರು ಮಕ್ಕಳಲ್ಲ. ಇದನ್ನು ಒತ್ತಿ ಹೇಳಲು ಕಾರಣವಿದೆ. ಸಾಮಾನ್ಯವಾಗಿ ಪರಿಶೀಲಕರು ಕೇಳುವುದು ಸಂಖ್ಯೆಯನ್ನು. ಮಾದರಿಯ ಗಾತ್ರವು ಅಳತೆಯ ನಿಖರತೆಯನ್ನು ಹೆಚ್ಚಿಸುತ್ತದೆ. ಯಾವುದನ್ನು ಅಳೆಯುತ್ತಿದ್ದೇವೆ ಎಂಬುದನ್ನು ಅದು ಬದಲಿಸದು. ಒಂದೇ ಬಾವಿಯಿಂದ ನೂರು ಕೊಡ ಸೇದಿದರೂ ಪಕ್ಕದ ಬಾವಿಯ ನೀರಿನ ರುಚಿ ತಿಳಿಯುವುದಿಲ್ಲ.

ಎರಡನೆಯ ಮಾದರಿಯ ಬಗ್ಗೆ ನಮ್ಮ ಮೌನ ಇನ್ನೂ ದೊಡ್ಡದು. ಭಾಷೆಯ ಪ್ರಯೋಗದಲ್ಲಿ ಜನರನ್ನಷ್ಟೇ ಅಲ್ಲ, ಪದಗಳನ್ನೂ ವಾಕ್ಯಗಳನ್ನೂ ಆಯ್ದುಕೊಂಡಿರುತ್ತೇವೆ. ಹಾಗೆ ಆಯ್ದ ವಾಕ್ಯಗಳಿಂದ ಭಾಷೆಯೆಲ್ಲದಕ್ಕೂ ಅನ್ವಯಿಸುವ ತೀರ್ಮಾನ ಮಾಡುವಾಗ ಆ ಆಯ್ಕೆಯ ಅನಿಶ್ಚಿತತೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳದಿರುವುದು ದೋಷವೆಂದು ಹರ್ಬರ್ಟ್ ಕ್ಲಾರ್ಕ್ 1973ರಲ್ಲಿ ತೋರಿಸಿದರು. ಬೇಯನ್, ಡೇವಿಡ್‌ಸನ್ ಮತ್ತು ಬೇಟ್ಸ್ ಅವರ 2008ರ ಲೇಖನದ ನಂತರ ಮಿಶ್ರ ಪರಿಣಾಮ ಮಾದರಿಗಳು ರೂಢಿಗೆ ಬಂದು, ಜನರನ್ನೂ ವಾಕ್ಯಗಳನ್ನೂ ಯಾದೃಚ್ಛಿಕ ಘಟಕಗಳಾಗಿ ಒಟ್ಟಿಗೆ ಗಣಿಸುವುದು ಸಲೀಸಾಯಿತು. ಕ್ಲಾರ್ಕ್ ಅವರ ಆಕ್ಷೇಪಕ್ಕೆ ಉತ್ತರ ಸಿಕ್ಕಿತೆಂದು ನಾವು ನೆಮ್ಮದಿಯಾಗಿದ್ದೇವೆ. ಸಿಕ್ಕಿದ್ದು ಅರ್ಧ ಉತ್ತರ. ಗಣಿತವು ವಾಕ್ಯಗಳನ್ನು ಯಾದೃಚ್ಛಿಕವೆಂದು ಪರಿಗಣಿಸಿದ ಮಾತ್ರಕ್ಕೆ ಅವು ಯಾದೃಚ್ಛಿಕವಾಗಿ ಆಯ್ಕೆಯಾದವು ಎಂದಲ್ಲ. ಆ ಲೆಕ್ಕದಿಂದ ನಾವು ತಲುಪಬಹುದಾದ ಸಮಷ್ಟಿಯೆಂದರೆ ‘ಇದೇ ಪ್ರಯೋಗಕರ್ತರು ಇದೇ ನಿರ್ಬಂಧಗಳಡಿ ಬರೆಯಬಹುದಾಗಿದ್ದ ಇತರ ವಾಕ್ಯಗಳು’. ಅದು ಕನ್ನಡವಲ್ಲ.

ಇಲ್ಲಿ ನನ್ನದೇ ಕೆಲಸವನ್ನು ಉದಾಹರಿಸುವುದು ನ್ಯಾಯ. ನನ್ನ ಪಿಎಚ್‌ಡಿ ಪ್ರಯೋಗದಲ್ಲಿ ವಿಭಕ್ತಿ ಪ್ರತ್ಯಯಗಳನ್ನು ನೋಡಿ ಓದುಗರು ಮುಂಬರುವ ಕ್ರಿಯಾಪದವನ್ನು ನಿರೀಕ್ಷಿಸುತ್ತಾರೆಯೇ ಎಂದು ಪರೀಕ್ಷಿಸಿದ್ದೆ. ಸಂದಿಗ್ಧತೆ ಉಳಿಯಬಾರದೆಂದು ಪ್ರತಿ ಕರ್ಮಪದಕ್ಕೂ ‘-ಅನ್ನು’ ಹಚ್ಚಿದೆ. ಅಚೇತನ ಕರ್ಮಪದಕ್ಕೆ ಕನ್ನಡದಲ್ಲಿ ದ್ವಿತೀಯಾ ಪ್ರತ್ಯಯ ಐಚ್ಛಿಕ. ಮಾತಿನಲ್ಲಂತೂ ‘ಪುಸ್ತಕ ಓದಿದೆ’, ‘ಬಾಗಿಲು ಹಾಕು’ ಎನ್ನುತ್ತೇವೆ. ‘ಬಾಗಿಲನ್ನು ಹಾಕು’ ಎಂದರೆ ಬೇರೆಯೇ ಒತ್ತು ಬರುತ್ತದೆ. ಅಂದರೆ ನಾನು ಕೊಟ್ಟ ವಾಕ್ಯಗಳಲ್ಲಿ ‘-ಅನ್ನು’ ಎಷ್ಟು ನಿಯತವಾಗಿತ್ತೋ, ಅಷ್ಟು ನಿಯತವಾಗಿ ಅದು ಅಚ್ಚಾದ ಕನ್ನಡದಲ್ಲೂ ಇರುವುದಿಲ್ಲ. ಪಾಲ್ಗೊಂಡವರು ಸ್ನಾತಕೋತ್ತರ ವಿದ್ಯಾರ್ಥಿಗಳು, ಬಹುತೇಕರು ಪರಿಚಿತರ ಪರಿಚಿತರು. ಪೂರ್ವಪರೀಕ್ಷೆಯಲ್ಲಿ ಕೆಲವರು ಈ ವಾಕ್ಯಗಳನ್ನು ‘ಪುಸ್ತಕದ ಭಾಷೆ’ ಎಂದು ಗುರುತು ಹಾಕಿದ್ದರು. ಅವರಲ್ಲಿ ಹೆಚ್ಚಿನವರು ಉತ್ತರ ಕರ್ನಾಟಕದವರು. ‘ಸೂಚನೆಯನ್ನು ಸರಿಯಾಗಿ ಗ್ರಹಿಸಿಲ್ಲ’ ಎಂಬ ಕಾರಣ ಕೊಟ್ಟು ಅವರನ್ನು ಮುಖ್ಯ ಪ್ರಯೋಗದಿಂದ ಕೈಬಿಟ್ಟೆ. ಅವರು ಸೂಚನೆಯನ್ನು ನನಗಿಂತ ಚೆನ್ನಾಗಿ ಗ್ರಹಿಸಿದ್ದರು. ಮಹಾಪ್ರಬಂಧದ ಕೊನೆಯ ಅಧ್ಯಾಯದಲ್ಲಿ ಮಾತ್ರ ‘ಕನ್ನಡ ಭಾಷಿಕರು ವಿಭಕ್ತಿಯ ಆಧಾರದಿಂದ ನಿರೀಕ್ಷಿಸುತ್ತಾರೆ’ ಎಂದೇ ಬರೆದೆ. ಮೌಲ್ಯಮಾಪಕರಲ್ಲಿ ಯಾರೂ ಆ ವಾಕ್ಯವನ್ನು ಪ್ರಶ್ನಿಸಲಿಲ್ಲ.

ನಿರೀಕ್ಷೆಯ ವಿಷಯದಲ್ಲಿ ಈ ತಪ್ಪು ಸಣ್ಣದಲ್ಲ ಎಂಬುದಕ್ಕೆ ಭಾರತದ್ದೇ ಪುರಾವೆ ಇದೆ. ಮಿಶ್ರ, ಸಿಂಗ್, ಪಾಂಡೆ ಮತ್ತು ಹ್ಯೂಟಿಗ್ 2012ರಲ್ಲಿ ಹಿಂದಿ ಭಾಷಿಕರ ಕಣ್ಚಲನೆಯನ್ನು ದಾಖಲಿಸಿದರು. ಓದಲಿಲ್ಲ, ಕೇಳಿಸಿಕೊಂಡರು ಅಷ್ಟೆ. ಹೆಚ್ಚು ಓದುಬರಹವಿದ್ದವರ ಕಣ್ಣು, ವಸ್ತುವಿನ ಹೆಸರು ಕೇಳುವ ಮೊದಲೇ ಅದರ ಚಿತ್ರದತ್ತ ಹೊರಳಿತು. ಕಡಿಮೆ ಓದುಬರಹವಿದ್ದವರ ಕಣ್ಣು ಹೆಸರು ಕೇಳಿದ ಮೇಲೆಯೇ ಹೊರಳಿತು. ಭಾಷೆ ಒಂದೇ. ಹಾಗಿದ್ದರೆ ‘ಹಿಂದಿ ಭಾಷಿಕರು ನಿರೀಕ್ಷಿಸುತ್ತಾರೆ’ ಎಂಬ ವಾಕ್ಯ ಸತ್ಯವೋ ಸುಳ್ಳೋ? ಇನ್ನೂ ಹಿಂದಕ್ಕೆ ಹೋದರೆ, ಧ್ವನಿಮಾಗಳ ಅರಿವು ಎಲ್ಲ ಭಾಷಿಕರಿಗೂ ಸಹಜವಾಗಿ ಬರುವಂಥದ್ದೆಂಬ ನಂಬಿಕೆಯನ್ನು ಮೊರಾಯಿಸ್ ಮತ್ತು ಸಂಗಡಿಗರು 1979ರಲ್ಲಿ ಪೋರ್ಚುಗಲ್ಲಿನ ನಿರಕ್ಷರ ವಯಸ್ಕರನ್ನು ಪರೀಕ್ಷಿಸಿ ಕೆಡವಿದ್ದರು. ಪದದ ಮೊದಲ ಧ್ವನಿಯನ್ನು ತೆಗೆದು ಹೇಳುವುದು ಅವರಲ್ಲಿ ಬಹುತೇಕರಿಗೆ ಸಾಧ್ಯವಾಗಲಿಲ್ಲ. ವಯಸ್ಕರಾದ ಮೇಲೆ ಓದು ಕಲಿತ ಅಂಥದೇ ಹಿನ್ನೆಲೆಯವರಿಗೆ ಸಾಧ್ಯವಾಯಿತು. ಅಲ್ಲಿಯವರೆಗೆ ಮಾದರಿಯಲ್ಲಿದ್ದವರೆಲ್ಲ ಅಕ್ಷರಸ್ಥರಾಗಿದ್ದುದರಿಂದ ಅಕ್ಷರದ ಪ್ರಭಾವ ಕಾಣುವಂತೆಯೇ ಇರಲಿಲ್ಲ. ಕನ್ನಡದ ಮಕ್ಕಳಲ್ಲಿ ಸೋನಾಲಿ ನಾಗ್ 2007ರಲ್ಲಿ ಪ್ರಕಟಿಸಿದ ಅಧ್ಯಯನವೂ ಇದಕ್ಕೆ ಪೂರಕ: ಅಕ್ಷರಗಳ ಕಲಿಕೆ ಪ್ರಾಥಮಿಕ ಶಾಲೆಯ ಹಲವು ವರ್ಷಗಳಿಗೆ ಚಾಚಿಕೊಳ್ಳುತ್ತದೆ, ಧ್ವನಿಮಾಗಳ ಅರಿವು ನಿಧಾನವಾಗಿ ಬರುತ್ತದೆ. 2011ರ ಜನಗಣತಿಯಂತೆ ಕರ್ನಾಟಕದ ಸಾಕ್ಷರತೆ ಶೇ. 75.36. ಓದುವ ಪ್ರಯೋಗವೊಂದು ಆರಂಭವಾಗುವ ಮೊದಲೇ ರಾಜ್ಯದ ಏಳು ವರ್ಷ ಮೀರಿದವರಲ್ಲಿ ಕಾಲುಭಾಗದಷ್ಟು ಜನರನ್ನು ಹೊರಗಿಟ್ಟಿರುತ್ತದೆ. ಅದನ್ನು ಲೇಖನದಲ್ಲಿ ಹೇಳುವ ರೂಢಿ ನಮ್ಮಲ್ಲಿಲ್ಲ.

ಸೋಜಿಗವೆಂದರೆ, ಕನ್ನಡ ಒಂದೇ ಮುದ್ದೆಯಲ್ಲವೆಂಬುದು ನಮ್ಮ ವಿಭಾಗಗಳಿಗೆ ಹೊಸ ಸುದ್ದಿಯೇನಲ್ಲ. ಮೆಕ್‌ಕಾರ್ಮ್ಯಾಕ್ ಅವರ ಧಾರವಾಡ ಕನ್ನಡದ ಸಾಮಾಜಿಕ ಉಪಭಾಷೆಗಳ ಅಧ್ಯಯನ, ಜಾತಿ ಉಪಭಾಷೆಗಳ ಭಿನ್ನ ಬದಲಾವಣೆಯನ್ನು ಕುರಿತ ವಿಲಿಯಂ ಬ್ರೈಟ್ ಅವರ ಬರೆಹ, ಇವೆರಡೂ ಪ್ರಕಟವಾದದ್ದು 1960ರಲ್ಲಿ. ‘ಹಾಲು’ ಮತ್ತು ‘ಆಲು’, ‘ಮನೆಯಲ್ಲಿ’ ಮತ್ತು ‘ಮನ್ಯಾಗ’ ಇವುಗಳನ್ನು ಕುರಿತು ಸ್ನಾತಕೋತ್ತರ ತರಗತಿಯಲ್ಲಿ ಒಂದು ಪೂರ್ಣ ಪತ್ರಿಕೆ ಇರುತ್ತದೆ. ಅದೇ ವಿದ್ಯಾರ್ಥಿ ಮರುವರ್ಷ ಪ್ರಯೋಗಾಲಯಕ್ಕೆ ಬಂದಾಗ ಪಾಲ್ಗೊಂಡವರ ವಿವರಣೆಯಲ್ಲಿ ‘ಕನ್ನಡ ಮಾತೃಭಾಷೆಯ 32 ಮಂದಿ, ಸಾಮಾನ್ಯ ದೃಷ್ಟಿ’ ಎಂದಿಷ್ಟೇ ಬರೆಯುತ್ತಾನೆ. ಅವರ ಕಣ್ಣಿನ ಬಗ್ಗೆ ನಮಗಿರುವ ಕಾಳಜಿ ಅವರ ಊರಿನ ಬಗ್ಗೆ ಇಲ್ಲ.

ಇದು ಲೇಖನಗಳ ಒಳಗೇ ಮುಗಿಯುವ ವಿಷಯವಾಗಿದ್ದರೆ ಇಷ್ಟು ಬರೆಯುತ್ತಿರಲಿಲ್ಲ. ಇಂಥ ಪ್ರಯೋಗಗಳ ಅಂಕಿಗಳು ಮುಂದೆ ಮಾನದಂಡಗಳಾಗುತ್ತವೆ. ಮಗುವಿನ ಭಾಷಾ ಬೆಳವಣಿಗೆ ವಯಸ್ಸಿಗೆ ತಕ್ಕಂತಿದೆಯೇ, ಪಾರ್ಶ್ವವಾಯುವಿನ ನಂತರ ರೋಗಿಯ ವ್ಯಾಕರಣ ಎಷ್ಟು ಉಳಿದಿದೆ ಎಂದು ತೀರ್ಮಾನಿಸುವ ಪರೀಕ್ಷೆಗಳು ‘ಸಾಮಾನ್ಯ ಕನ್ನಡ ಭಾಷಿಕ’ನ ಅಂಕವನ್ನು ಬೇಡುತ್ತವೆ. ಆ ಅಂಕ ಮೈಸೂರು ಬೆಂಗಳೂರುಗಳ ಅಕ್ಷರಸ್ಥ ಕುಟುಂಬಗಳಿಂದ ಬಂದಿದ್ದರೆ, ಚಿತ್ರ ನೋಡಿ ‘ಮನ್ಯಾಗ ಅದಾನ’ ಎಂದ ರಾಯಚೂರಿನ ಮಗುವಿನ ಉತ್ತರ ಯಾವ ಕಲಮಿನಲ್ಲಿ ಬೀಳುತ್ತದೆ? ಅನುಭವಿ ಚಿಕಿತ್ಸಕರು ಇದನ್ನು ತಮ್ಮ ವಿವೇಚನೆಯಿಂದ ಸರಿಪಡಿಸುತ್ತಾರೆ ಎಂಬುದು ನಿಜ. ನಮ್ಮ ಮಾದರಿಯ ಲೋಪವನ್ನು ಅವರ ವಿವೇಚನೆಯ ಮೇಲೆ ಹೊರಿಸುವುದು ಸರಿಯಲ್ಲ. ಕಂಪ್ಯೂಟರು ಅಂಕ ಕೊಡುವ ಪರೀಕ್ಷೆಗಳಲ್ಲಂತೂ ಆ ವಿವೇಚನೆಗೆ ಜಾಗವೇ ಇರುವುದಿಲ್ಲ.

ಹಾಗೆಂದು ಕನ್ನಡ ಸಮುದಾಯದಿಂದ ಯಾದೃಚ್ಛಿಕ ಮಾದರಿ ತೆಗೆಯಿರಿ ಎಂದು ಕೇಳುವುದು ಹುಸಿ ಆದರ್ಶ. 2011ರ ಗಣತಿಯಲ್ಲಿ ಕನ್ನಡವನ್ನು ಮಾತೃಭಾಷೆಯೆಂದು ಹೇಳಿಕೊಂಡವರೇ ಸುಮಾರು 4.37 ಕೋಟಿ, ಅವರ ಪಟ್ಟಿ ಯಾವ ಸಂಶೋಧಕರ ಬಳಿಯೂ ಇಲ್ಲ. ಅನುಕೂಲ ಮಾದರಿಯನ್ನೇ ನಾವು ಬಳಸುತ್ತೇವೆ, ಬಳಸುತ್ತಿರುತ್ತೇವೆ. ಸಾಧ್ಯವಿರುವುದು ಬೇರೆ. ಸೈಮನ್ಸ್, ಶೋಡ ಮತ್ತು ಲಿಂಡ್ಸೆ 2017ರಲ್ಲಿ ಸೂಚಿಸಿದಂತೆ, ಫಲಿತಾಂಶ ಯಾರಿಗೆ, ಯಾವ ಸಾಮಗ್ರಿಗೆ, ಯಾವ ಸನ್ನಿವೇಶಕ್ಕೆ ಅನ್ವಯಿಸುತ್ತದೆ ಎಂದು ಲೇಖಕರು ನಿರೀಕ್ಷಿಸುತ್ತಾರೋ ಅದನ್ನು ಒಂದು ಕಂಡಿಕೆಯಲ್ಲಿ ಹೇಳುವುದು. ಕನ್ನಡದ ಮಟ್ಟಿಗೆ ಆ ಕಂಡಿಕೆಯಲ್ಲಿ ಏನಿರಬೇಕೆಂಬುದು ಮೇಲಿನ ಚರ್ಚೆಯಿಂದ ಹೆಚ್ಚು ಕಡಿಮೆ ಹೊರಡುತ್ತದೆ: ಪಾಲ್ಗೊಂಡವರ ತಾಲ್ಲೂಕು, ಮನೆಮಾತು ಅಥವಾ ಮನೆಮಾತುಗಳು, ಶಾಲಾ ಮಾಧ್ಯಮ, ಎಷ್ಟು ವರ್ಷ ಓದಿದರು, ದಿನನಿತ್ಯ ಕನ್ನಡ ಓದುತ್ತಾರೋ ಇಲ್ಲವೋ. ವಾಕ್ಯಗಳಿಗೂ ಜಾತಕ ಬೇಕು. ಅವು ಎಲ್ಲಿಂದ ಬಂದವು, ಬರಹದ ಕನ್ನಡವೋ ಮಾತಿನದೋ, ಯಾವ ಪದಗಳನ್ನು ಯಾವ ಕಾರಣಕ್ಕೆ ಕೈಬಿಡಲಾಯಿತು. ಪದಗಳ ಆವೃತ್ತಿ ತಿಳಿಯಲು ನಾವು ನೆಚ್ಚುವ ಭಾರತೀಯ ಭಾಷೆಗಳ ಕೇಂದ್ರೀಯ ಸಂಸ್ಥೆಯ ಪಠ್ಯಸಂಚಯ ಲಿಖಿತ ಪಠ್ಯಗಳದ್ದು. ಅದರಿಂದ ಆಯ್ದ ‘ಸಾಮಾನ್ಯ ಪದ’ ಯಾರಿಗೆ ಸಾಮಾನ್ಯ ಎಂಬುದನ್ನೂ ಹೇಳಬೇಕಾಗುತ್ತದೆ.

ಸಂಶೋಧನೆ ನಡೆಸಿದ ಮೇಲೆ ಈ ವಿವರಗಳನ್ನು ಕಲೆಹಾಕಲು ಆಗುವುದಿಲ್ಲ. ನನ್ನ ಪ್ರಬಂಧದ ದತ್ತಾಂಶವನ್ನು ಕಳೆದ ವರ್ಷ ಮತ್ತೆ ತೆರೆದು, ಉಪಭಾಷೆಯ ಪ್ರಕಾರ ವಿಂಗಡಿಸಿ ನೋಡೋಣವೆಂದುಕೊಂಡೆ. ಕಡತದಲ್ಲಿ ವಯಸ್ಸು, ಲಿಂಗ, ಬಲಗೈಯವರೋ ಎಡಗೈಯವರೋ ಎಂಬ ವಿವರಗಳಿದ್ದವು. ಊರಿನ ಕಲಮೇ ಇರಲಿಲ್ಲ.